ಬಾಸ್ಟನ್ ಕಡೆ ಬರುವವರಿಗೆ: ಪ್ಯೂರಿಟನ್ನರ ಬಗ್ಗೆ ಒಂದಿಷ್ಟು

ಬಾಸ್ಟನ್ ಹತ್ತಿರ ಕೆಲಸ ಸಿಕ್ಕಿದೆ, ಮಗಳನ್ನು ಅಲ್ಲೇ ಶಾಲೆಗೆ ಸೇರಿಸಬೇಕು, ಆದರೆ ಆ ಕಡೆಯವರು ಪ್ಯೂರಿಟನ್ನರ (ಸುಮಾರು ನಾನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಬಂದು ಅಲ್ಲಿ ನೆಲೆಸಿದ ಕಟ್ಟಾ ಪ್ರೊಟೆಸ್ಟೆಂಟ್ ಕ್ರೈಸ್ತರು) ವಂಶದವರು, ಧರ್ಮದ ವಿಷಯದಲ್ಲಿ ಬಹಳ ಬಿಗಿ ಅಂತ ಓದಿದೆ, ನಮಗೆ ಹೊಂದುತ್ತಾ ಅಂತ ಕೇಳಿದ್ದೀರಿ. ಅಮೆರಿಕದ ಸ್ವಾತಂತ್ರ್ಯದ ಆದರ್ಶವೂ ಅವರಿಂದಲೇ ಬಂತಂತೆ, ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ ಅಂತಲೂ ಕೇಳಿದ್ದೀರಿ. ನಾನು ಬಾಸ್ಟನ್ ಇರುವ ರಾಜ್ಯವಾದ ಮ್ಯಾಸಚೂಸೆಟ್ಸ್‌ನಲ್ಲೇ ನೆಲೆ ನಿಂತವಳು. ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ.

ಮೊದಲು ಭಯ ಬಿಡಿ. ಇಲ್ಲಿನ ಜನರಲ್ಲಿ ಐರಿಷ್, ಇಟಾಲಿಯನ್ ಮೂಲದ ಕ್ಯಾಥೊಲಿಕರೇ ಎಷ್ಟೋ ಮಂದಿ, ಈಗ ನಮ್ಮವರೂ ಸಾಕಷ್ಟು ಇದ್ದಾರೆ. ಊರಿನ ಮಧ್ಯೆ ಕಾಣುವ ಬಿಳಿ ಮರದ ಚರ್ಚುಗಳಲ್ಲಿ ಎಷ್ಟೋ ಪ್ಯೂರಿಟನ್ನರ ಸಭೆಗಳಿಂದಲೇ ಬೆಳೆದು ಬಂದವು. ಇವತ್ತು ಅವುಗಳಲ್ಲಿ ಹಲವು ಸಲಿಂಗಿಗಳಿಗೆ ಬೆಂಬಲ ತೋರಿಸುವ ಕಾಮನಬಿಲ್ಲಿನ ಬಾವುಟ ಹಾರಿಸುವಷ್ಟು ಉದಾರವಾಗಿವೆ. ಆಶ್‌ಲ್ಯಾಂಡ್‌ನಲ್ಲಿ ಲಕ್ಷ್ಮಿ ದೇವಸ್ಥಾನ ಇದೆ, ಹಬ್ಬದ ದಿನ ಹೋದರೆ ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ.

ಇನ್ನು ಪ್ಯೂರಿಟನ್ನರ ಹೆಸರು ಕೆಟ್ಟಿದ್ದು ಸುಮ್ನೆ ಅಲ್ಲ, ಆದರೆ ಕೆಟ್ಟಿರುವುದು ತಪ್ಪು ಕಾರಣಕ್ಕೆ. ಯಾವಾಗಲೂ ಕಪ್ಪು ಬಟ್ಟೆ, ಕುಡಿತವೇ ಇಲ್ಲ, ನಗುವೇ ಇಲ್ಲ ಅನ್ನುವುದೆಲ್ಲ ಆಮೇಲೆ ಕಟ್ಟಿದ ಚಿತ್ರ. ಬಣ್ಣದ ಬಟ್ಟೆ ಹಾಕುತ್ತಿದ್ದರು, ಬಿಯರ್ ಅವರ ದಿನನಿತ್ಯದ ಪಾನೀಯ. ಬೈಬಲ್‌ನಲ್ಲಿ ಇಲ್ಲ ಅಂತ ಕ್ರಿಸ್‌ಮಸ್ ಆಚರಿಸುವುದನ್ನು 1659ರಿಂದ 1681ರವರೆಗೆ ನಿಷೇಧಿಸಿದ್ದರು ಅನ್ನುವುದು ಮಾತ್ರ ನಿಜ, ಆಚರಿಸಿದರೆ ಐದು ಶಿಲ್ಲಿಂಗ್ ದಂಡ. (ಈಗ ಉಲ್ಟಾ. ಕ್ರಿಸ್‌ಮಸ್ ಮತ್ತು ಥ್ಯಾಂಕ್ಸ್‌ಗಿವಿಂಗ್ ದಿನ ಇಲ್ಲಿ ಕಾನೂನಿನ ಪ್ರಕಾರವೇ ಸೂಪರ್ ಮಾರ್ಕೆಟ್ ಮುಚ್ಚಿರುತ್ತವೆ. ಹಾಲು, ಮೊಸರು ಹಿಂದಿನ ದಿನವೇ ತಂದಿಟ್ಟುಕೊಳ್ಳಿ.)

ನಿಜವಾದ ಕಳಂಕ ಬೇರೆ. ತಮ್ಮ ನಂಬಿಕೆಯಂತೆ ಬದುಕಲು ಸಮುದ್ರ ದಾಟಿ ಬಂದವರು ಬೇರೆಯವರಿಗೆ ಅದೇ ಅವಕಾಶ ಕೊಡಲಿಲ್ಲ. ಮನಸ್ಸಾಕ್ಷಿಯ ಮೇಲೆ ಸರ್ಕಾರಕ್ಕೆ ಅಧಿಕಾರ ಇಲ್ಲ ಎಂದ ರೋಜರ್ ವಿಲಿಯಮ್ಸ್‌ನನ್ನು ಗಡೀಪಾರು ಮಾಡಿದರು. ಮೇರಿ ಡೈಯರ್ ಕ್ವೇಕರ್ ಅನ್ನುವ ಬೇರೊಂದು ಕ್ರೈಸ್ತ ಪಂಥದವಳು. ಗಡೀಪಾರು ಮಾಡಿದರೂ ಮತ್ತೆ ಮತ್ತೆ ಬಂದಳು ಅಂತ 1660ರಲ್ಲಿ ಬಾಸ್ಟನ್‌ನಲ್ಲಿ ಗಲ್ಲಿಗೇರಿಸಿದರು. ರಾಜ್ಯದ ಶಾಸನಸಭೆ ಇರುವ ಸ್ಟೇಟ್ ಹೌಸ್ ಮುಂದೆ ಅವಳ ಪ್ರತಿಮೆ ಇದೆ, ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಾಳೆ, ಮಗಳಿಗೆ ಖಂಡಿತ ತೋರಿಸಿ. 1637ರಲ್ಲಿ ಈಗಿನ ಕನೆಕ್ಟಿಕಟ್ ರಾಜ್ಯದ ಮಿಸ್ಟಿಕ್‌ನಲ್ಲಿ ಪೀಕ್ವಾಟ್ ಅನ್ನುವ ಮೂಲನಿವಾಸಿ ಜನರ ಹಳ್ಳಿಗೆ ಬೆಂಕಿ ಇಟ್ಟು ಹೆಂಗಸರು, ಮಕ್ಕಳು ಅಂತ ನೋಡದೆ ನೂರಾರು ಮಂದಿಯನ್ನು ಕೊಂದರು. ಸೇಲಂನ 1692ರ ಮಾಟಗಾತಿ ವಿಚಾರಣೆ ಎಲ್ಲರಿಗೂ ಗೊತ್ತು, ಮಿಸ್ಟಿಕ್ ಬಗ್ಗೆ ಕೇಳಿದವರು ಕಮ್ಮಿ. ನನಗೆ ಇದು ಬಹಳ ನೋವಿನ ವಿಷಯ.

ಹಾಗಾಗಿ ಧಾರ್ಮಿಕ ಸ್ವಾತಂತ್ರ್ಯ ಪ್ಯೂರಿಟನ್ನರ ಕೊಡುಗೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಅವರು ಹೊರಗೆ ಹಾಕಿದವರ ಕೊಡುಗೆ. ವಿಲಿಯಮ್ಸ್ 1636ರಲ್ಲಿ ಪ್ರಾವಿಡೆನ್ಸ್ ಊರು ಕಟ್ಟಿದ, ಅಲ್ಲಿ ಯಾವ ನಂಬಿಕೆಯವರೂ ಇರಬಹುದಿತ್ತು. ಮ್ಯಾಸಚೂಸೆಟ್ಸ್ ಮಾತ್ರ ಚರ್ಚಿಗಾಗಿ ತೆರಿಗೆ ಎತ್ತುವುದನ್ನು ಪೂರ್ತಿ ನಿಲ್ಲಿಸಿದ್ದು 1833ರಲ್ಲಿ.

ಹಾಗಾದರೆ ಅವರಿಂದ ಬಂದಿದ್ದೇನು? ನನ್ನ ಪ್ರಕಾರ ಎರಡು ವಿಷಯ: ಶಾಲೆ ಮತ್ತು ಊರ ಸಭೆ. ಎಲ್ಲರೂ ಬೈಬಲ್ ಓದಬೇಕು, ಇಲ್ಲದಿದ್ದರೆ ಸೈತಾನ ಮೋಸ ಮಾಡುತ್ತಾನೆ ಅಂತ 1647ರಲ್ಲಿ ಕಾನೂನು ಮಾಡಿದರು. 50 ಮನೆ ಇರುವ ಊರು ಒಬ್ಬ ಮೇಷ್ಟ್ರನ್ನು ಇಡಬೇಕು, 100 ಮನೆ ಇದ್ದರೆ ದೊಡ್ಡ ಶಾಲೆ ತೆರೆಯಬೇಕು. ಉದ್ದೇಶ ಏನೇ ಇರಲಿ, ಮಕ್ಕಳ ಓದು ಇಡೀ ಊರಿನ ಹೊಣೆ ಅನ್ನುವುದು ಗಟ್ಟಿಯಾಗಿ ಬೇರು ಬಿಟ್ಟಿತು. ಇವತ್ತೂ ಇಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಊರಿನ ಮನೆ ಕಂದಾಯದಿಂದಲೇ ಬರುತ್ತದೆ. ಒಳ್ಳೆ ಶಾಲೆ ಇರುವ ಊರಲ್ಲಿ ಬಾಡಿಗೆ ಜಾಸ್ತಿ ಇರುವುದನ್ನು ನೀವೇ ನೋಡುತ್ತೀರಿ.

ನಾವು ಬೆಟ್ಟದ ಮೇಲಿನ ನಗರದಂತೆ ಇರುತ್ತೇವೆ ಅಂತ ಪ್ಯೂರಿಟನ್ನರ ಮುಖಂಡ ಜಾನ್ ವಿಂತ್ರಾಪ್ 1630ರಲ್ಲಿ ಹೇಳಿದ ಮಾತನ್ನು ರೇಗನ್‌ರಂಥ ಅಧ್ಯಕ್ಷರು ಹೆಮ್ಮೆಯಿಂದ ಬಳಸಿದರು. ಮೂಲದಲ್ಲಿ ಅದು ಎಚ್ಚರಿಕೆ: ಎಲ್ಲರ ಕಣ್ಣು ನಮ್ಮ ಮೇಲಿದೆ, ತಪ್ಪಿದರೆ ಲೋಕವೇ ಆಡಿಕೊಳ್ಳುತ್ತದೆ. ಆ ಅರ್ಥವೇ ನನಗೆ ಇಷ್ಟ.

ಊರ ಸಭೆಗೆ ಇಲ್ಲಿ ಟೌನ್ ಮೀಟಿಂಗ್ ಅನ್ನುತ್ತಾರೆ. ಪ್ಯೂರಿಟನ್ನರ ಕಾಲದಲ್ಲಿ ಹೆಂಗಸರಿಗೆ ಮತ ಇರಲಿಲ್ಲ, ಇಡೀ ವಸಾಹತಿನ ಚುನಾವಣೆಯಲ್ಲಂತೂ ಚರ್ಚಿನ ಸದಸ್ಯರಾದ ಗಂಡಸರಿಗೆ ಮಾತ್ರ ಇತ್ತು. ಈಗ ಬಹಳಷ್ಟು ಊರುಗಳಲ್ಲಿ ನೋಂದಾಯಿಸಿದ ಮತದಾರರೆಲ್ಲರಿಗೂ ಇದೆ. ನಮ್ಮೂರಲ್ಲಿ ಹೈಸ್ಕೂಲಿನ ಸಭಾಂಗಣದಲ್ಲಿ ಸೇರುತ್ತೇವೆ. ಬಾಗಿಲಲ್ಲಿ ಹೆಸರು ನೋಡಿ ಕಾರ್ಡ್ ಕೊಡುತ್ತಾರೆ. ಹೊಸ ಅಗ್ನಿಶಾಮಕ ವಾಹನ ಬೇಕಾ, ಶಾಲೆಯ ಚಾವಣಿಗೆ ಎಷ್ಟು ದುಡ್ಡು ಅಂತ ಮೈಕ್ ಮುಂದೆ ಸಾಲಾಗಿ ನಿಂತು ವಾದ ಮಾಡುತ್ತಾರೆ, ಆಮೇಲೆ ಕಾರ್ಡ್ ಎತ್ತಿ ಮತ ಹಾಕುತ್ತಾರೆ. ನಾನು ಪೌರತ್ವ ಸಿಗುವ ಮುಂಚೆ ಮತ ಇಲ್ಲದವರ ಜಾಗದಲ್ಲಿ ಕೂತು ನೋಡುತ್ತಿದ್ದೆ. ನಿಮಗೂ ಸದ್ಯಕ್ಕೆ ಮತ ಇರುವುದಿಲ್ಲ, ಆದರೆ ಕೂತು ಕೇಳಬಹುದು. ಮನೆ ಹುಡುಕುವಾಗ ಆ ಊರಲ್ಲಿ ಟೌನ್ ಮೀಟಿಂಗ್ ಇದೆಯಾ ಅಂತ ವಿಚಾರಿಸಿ, ದೊಡ್ಡ ನಗರಗಳಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ವಸಂತದಲ್ಲಿ ನಡೆಯುತ್ತದೆ, ಚರ್ಚೆಗೆ ಬರುವ ವಿಷಯಗಳ ಪಟ್ಟಿ ಊರಿನ ವೆಬ್‌ಸೈಟಿನಲ್ಲಿ ಮೊದಲೇ ಸಿಗುತ್ತದೆ. ಅದನ್ನು ಓದಿಕೊಂಡು ಹೋಗಿ, ಇಲ್ಲದಿದ್ದರೆ ಅರ್ಧ ಚರ್ಚೆ ತಲೆಗೆ ಹೋಗುವುದಿಲ್ಲ.