ಎಲ್ಲರ ಡೆಸ್ಕ್‌ಟಾಪ್‌ನಲ್ಲೂ ಶೇರ್ ಫೋಲ್ಡರ್ ಇಟ್ಟರೆ ಸಾಕಾ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ 60 ಜನ, ಎಲ್ಲರದ್ದೂ ವಿಂಡೋಸ್. ಸರ್ವರ್ ಇಲ್ಲದೆ, ಪ್ರತಿಯೊಬ್ಬರ ಡೆಸ್ಕ್‌ಟಾಪ್‌ನಲ್ಲೂ ಒಂದು ಶೇರ್ ಫೋಲ್ಡರ್ ಇಟ್ಟು ಫೈಲ್ ಹಂಚಿಕೊಳ್ಳುವ ಯೋಚನೆ ಇದೆ. ಸರಿ ಹೋಗುತ್ತಾ?

ಉತ್ತರ: ನಾಲ್ಕೈದು ಜನರಿದ್ದರೆ ಹೂಂ ಅನ್ನುತ್ತಿದ್ದೆ, 60 ಜನಕ್ಕೆ ಬೇಡ. ವಿಂಡೋಸ್ 10, 11 ಇರುವ ಪಿಸಿಯ ಶೇರ್‌ಗೆ ಒಮ್ಮೆಗೆ ಬೇರೆ 20 ಸಾಧನಗಳು ಮಾತ್ರ ಸೇರಬಹುದು. ಆಮೇಲೆ ಫೈಲ್ ಇಟ್ಟವರು ಪಿಸಿ ಆಫ್ ಮಾಡಿ ಮನೆಗೆ ಹೋದರೆ ಉಳಿದವರು ಬೆಳಗಿನವರೆಗೆ ಕಾಯಬೇಕು, ಅಲ್ವಾ?

ನನಗೆ ಜಾಸ್ತಿ ಭಯ ಸುರಕ್ಷತೆಯದ್ದು. ಈ ಹಂಚಿಕೆ ಎಸ್‌ಎಂಬಿ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಲು ವಿಂಡೋಸ್ ಬಳಸುವ ವಿಧಾನ) ಮೂಲಕ, 445ನೇ ಪೋರ್ಟ್‌ನಲ್ಲಿ, ಅಂದರೆ ಪಿಸಿಯ ಒಂದು ನೆಟ್‌ವರ್ಕ್ ಬಾಗಿಲಿನಲ್ಲಿ ನಡೆಯುತ್ತದೆ. ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಅದನ್ನು ತೆರೆದಿಟ್ಟರೆ ಒಂದಕ್ಕೆ ತಗುಲಿದ ವೈರಸ್ ಮಿಕ್ಕವಕ್ಕೆ ಹಬ್ಬುವುದು ಸುಲಭ. 2017ರಲ್ಲಿ ವಾನಾಕ್ರೈ ಎಂಬ, ಫೈಲ್ ಲಾಕ್ ಮಾಡಿ ಹಣ ಕೇಳುವ ವೈರಸ್ ಹರಡಿದ್ದು ಎಸ್‌ಎಂಬಿಯ ಹಳೆಯ 1ನೇ ಆವೃತ್ತಿಯ ದೋಷ ಹಿಡಿದೇ. ಆ ಆವೃತ್ತಿ ಇನ್ನೂ ಆನ್ ಇದ್ದರೆ ಇವತ್ತೇ ಆಫ್ ಮಾಡಿ.

ಒಂದು ಫೈಲ್ ಸರ್ವರ್ ಇಡಿ. ಸಣ್ಣ ನ್ಯಾಸ್ (ನೆಟ್‌ವರ್ಕ್‌ಗೆ ನೇರ ಸೇರಿಸುವ ಡಿಸ್ಕ್) ಪೆಟ್ಟಿಗೆಯಾದರೂ ಆಗುತ್ತದೆ. ಅನುಮತಿಯನ್ನು ಹೆಸರು ಹೆಸರಿಗೆ ಕೊಡಬೇಡಿ, ವಿಭಾಗವಾರು ಗ್ರೂಪ್ ಮಾಡಿ ಗ್ರೂಪಿಗೆ ಕೊಡಿ, ಯಾರಾದರೂ ಕೆಲಸ ಬಿಟ್ಟಾಗ ಗ್ರೂಪಿನಿಂದ ತೆಗೆದರೆ ಮುಗಿಯಿತು. ವಿಂಡೋಸ್ ಸರ್ವರ್ ಆದರೆ ಶೇರ್ ಅನುಮತಿ ಬೇರೆ, ಎನ್‌ಟಿಎಫ್‌ಎಸ್ ಅನುಮತಿ (ಡಿಸ್ಕ್‌ನಲ್ಲಿರುವ ಫೈಲ್, ಫೋಲ್ಡರ್‌ಗೇ ಹಾಕುವುದು) ಬೇರೆ; ನೆಟ್‌ವರ್ಕ್‌ನಿಂದ ಬಂದವರಿಗೆ ಎರಡರಲ್ಲಿ ಬಿಗಿಯಾದದ್ದೇ ಅನ್ವಯ. ಇದು ಗೊತ್ತಿಲ್ಲದೆ ಒಂದಿಡೀ ದಿನ ಸುಮ್ನೆ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿರಲಿ, ಅದನ್ನು ಮಾತ್ರ ಶೇರ್ ಮಾಡಬೇಡಿ.