ಕೆರೆಯೊಳಗಿನ ಗಿಡ ಅಷ್ಟೂ ಕೀಳಬೇಡಿ

ಆಳುದ್ದ ನೀರಿರುವ ನಿಮ್ಮೂರ ಕೆರೆಯಲ್ಲಿ ಹೈಡ್ರಿಲ್ಲ ಎಂಬ ನೀರೊಳಗೇ ಬೆಳೆಯುವ ಗಿಡ ತುಂಬಿಕೊಂಡಿದೆ, ಎಲ್ಲ ಕಿತ್ತರೆ ನೀರು ಇನ್ನೂ ಚೊಕ್ಕಟ ಆಗುತ್ತದಾ ಅಂತ ಕೇಳಿದ್ದೀರಿ. ಎಲ್ಲ ಕೀಳಬೇಡಿ. ನೀರು ತಿಳಿಯಾಗಿರುವುದೇ ಆ ಗಿಡಗಳಿಂದ ಇರಬಹುದು.

ಒಂದು ಎಳೆ ಮೆಲ್ಲಗೆ ಎತ್ತಿ ಬೆರಳಲ್ಲಿ ಉಜ್ಜಿ ನೋಡಿ. ನುಣ್ಣನೆಯ ಕೆಸರು ಅಂಟುತ್ತದೆ, ಅಲ್ವಾ? ಗಿಡ ಇಲ್ಲದಿದ್ದರೆ ಅದು ನೀರಲ್ಲೇ ತೇಲಾಡುತ್ತಿತ್ತು. ಆಳ ಕಡಿಮೆ ಇರುವ ಕೆರೆಯಲ್ಲಿ ಗಾಳಿ ಜೋರಾದರೆ ಅಲೆ ತಳದ ತನಕ ಕಲಕುತ್ತದೆ. ಗಿಡಗಳು ಆ ಅಲೆಯನ್ನು ತಡೆದು ಕೆಸರನ್ನು ಕೆಳಗೇ ಕೂರಿಸುತ್ತವೆ. ಸಾರಜನಕ, ರಂಜಕವನ್ನೂ ಹೀರುವುದರಿಂದ ಪಾಚಿಗೆ ಗೊಬ್ಬರ ಕಡಿಮೆಯಾಗುತ್ತದೆ. ಪಾಚಿ ತಿನ್ನುವ ಡಾಫ್ನಿಯಾದಂಥ ಸಣ್ಣ ಜೀವಿಗಳೂ ಮೀನಿಗೆ ಸಿಗದೆ ಅಲ್ಲಿ ಅಡಗುತ್ತವೆ. ಆದರೆ ನಮ್ಮ ಬಿಸಿಲ ಸೀಮೆಯಲ್ಲಿ ಮರಿಮೀನುಗಳೂ ಅಲ್ಲೇ ಸೇರಿ ಅವನ್ನು ತಿನ್ನುತ್ತವೆ, ಹಾಗಾಗಿ ಈ ಲಾಭ ಅಷ್ಟಕ್ಕಷ್ಟೇ.

ಅಮೆರಿಕದ ಫ್ಲಾರಿಡಾದ ಅಪಾಪ್ಕಾ ಸರೋವರ ಒಂದು ಕಾಲಕ್ಕೆ ತಿಳಿನೀರಿಗೆ ಹೆಸರಾಗಿತ್ತು. ಸುತ್ತಲಿನ ಹೊಲಗಳ ಗೊಬ್ಬರದ ನೀರು ಸೇರಿತು, 1940ರ ದಶಕದ ಕೊನೆಗೆ ಗಿಡಗಳು ಹೋದವು, ನೀರು ಹಸಿರು ಗಂಜಿಯ ಹಾಗಾಯಿತು. ಗೊಬ್ಬರ ತಡೆದ ಮೇಲೂ ಚೇತರಿಕೆಗೆ ದಶಕಗಳೇ ಬೇಕಾದವು.

ಮೆಟ್ಟಿಲ ಬಳಿ, ತೆಪ್ಪದ ದಾರಿಯಲ್ಲಿ ಮಾತ್ರ ಕತ್ತರಿಸಿ. ತುಂಡುಗಳನ್ನು ದಡದಿಂದ ದೂರ ಸಾಗಿಸಿ. ನೀರಲ್ಲೇ ಬಿಟ್ಟರೆ ಕೊಳೆಯುತ್ತವೆ, ಇಲ್ಲವೇ ಮತ್ತೆ ಚಿಗುರುತ್ತವೆ. ಗಿಡ ತೀರಾ ದಟ್ಟವಾಗಿದ್ದರೆ ರಾತ್ರಿ ಆಮ್ಲಜನಕ ಇಳಿಯುತ್ತದೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಇನ್ನೊಂದಿಷ್ಟು ತೆಗೆಯಿರಿ. ಗಿಡ ತಿನ್ನುವ ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನು ಬಿಡೋಣ ಅಂತ ಯಾರಾದರೂ ಅಂದರೆ ಸುಮ್ನೆ ಒಪ್ಪಬೇಡಿ, ಜಾಸ್ತಿ ಬಿಟ್ಟರೆ ತಳ ಬೋಳಾಗುತ್ತದೆ. ತೇಲುವ ಅಂತರಗಂಗೆಯ ಮಾತೇ ಬೇರೆ, ಅದು ಕಂಡರೆ ಅವತ್ತೇ ತೆಗೆಸಿ.