ಬಾಹಾದ ಧೂಳಿನಲ್ಲಿ ಕಂಡವರು, ಕೇಳಿದವರು

ನೀವು ಕೇಳಿದ್ದು: "ಮೆಕ್ಸಿಕೋದ ಬಾಹಾ ಮರುಭೂಮಿ ರೇಸನ್ನು ಹತ್ತಿರದಿಂದ ನೋಡಿದವರು ಯಾರಾದರೂ ಇದ್ದೀರಾ? ಅದರಲ್ಲಿ ನಿಜವಾದ ದಂತಕಥೆ ಅನ್ನಬಹುದಾದ ಡ್ರೈವರ್ ಯಾರು?"

ನೋಡಿದ್ದೇನೆ. ಗ್ಯಾಲರಿಯಲ್ಲಿ ಕೂತು ಅಲ್ಲ, ಅಲ್ಲಿ ಗ್ಯಾಲರಿಯೇ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸ್ಯಾನ್ ಡಿಯೇಗೋದಲ್ಲಿ ಕೆಲಸದಲ್ಲಿದ್ದೆ. ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಹಳೇ ಬೀಟಲ್ ಕಾರೊಂದನ್ನು ಬಾಹಾ 500 ಅನ್ನುವ, ಸುಮಾರು ಐನೂರು ಮೈಲಿಯ ರೇಸಿಗೆ ಸಜ್ಜು ಮಾಡಿಕೊಂಡಿದ್ದ. ಪೆಟ್ರೋಲ್ ಕ್ಯಾನ್ ಹೊರಲು ಜನ ಬೇಕಿತ್ತು. "ಸಂಬಳ ಇಲ್ಲ, ನಿದ್ದೆಯೂ ಇಲ್ಲ, ಊಟ ಮಾತ್ರ ಉಂಟು" ಅಂದ. ಹೋದೆ.

ಅದಕ್ಕೂ ಮುಂಚೆ ಈ ಲೋಕದಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಹೆಸರು, ಐವನ್ 'ಐರನ್‌ಮ್ಯಾನ್' ಸ್ಟೀವರ್ಟ್. ಅದೂ 1989ರಲ್ಲಿ ಬಂದ ಆರ್ಕೇಡ್ ಆಟದಿಂದ. ಒಂದೇ ಪೆಟ್ಟಿಗೆಗೆ ಮೂರು ಸ್ಟೀರಿಂಗ್, ಮೂರು ಜನ ಪಕ್ಕಪಕ್ಕ ನಿಂತು ಪುಟಾಣಿ ಟ್ರಕ್‌ಗಳನ್ನು ಗುದ್ದಾಡಿಸಬಹುದಿತ್ತು. ಐರನ್‌ಮ್ಯಾನ್ ಅನ್ನುವವನು ಆಟಕ್ಕಾಗಿ ಹುಟ್ಟಿಸಿದ ಪಾತ್ರ ಅಂದುಕೊಂಡಿದ್ದೆ! ಆತ ನಮ್ಮ ಪಿಟ್ (ಗಾಡಿಗೆ ಪೆಟ್ರೋಲ್ ತುಂಬುವ, ರಿಪೇರಿ ಮಾಡುವ ಜಾಗ) ಮುಂದೆಯೇ ಹಾದುಹೋಗುತ್ತಾನೆ ಅಂತ ತಿಳಿದಾಗ ಪೆಚ್ಚಾದೆ.

ಆತನಿಗೆ ಆ ಹೆಸರು ಬಂದ ಕಥೆ ಚೆನ್ನಾಗಿದೆ. ಈ ಓಟಗಳಲ್ಲಿ ಸಾಮಾನ್ಯವಾಗಿ ಇಬ್ಬರು ಕೂರುತ್ತಾರೆ. ಒಬ್ಬ ಓಡಿಸಿದರೆ ಇನ್ನೊಬ್ಬ ದಾರಿ ಹೇಳಬೇಕು, ಟೈರ್ ಬದಲಿಸಬೇಕು, ಹಿಂದೆ ಯಾರು ಬಂದರು ನೋಡಬೇಕು. 1973ರಲ್ಲಿ ಸ್ಟೀವರ್ಟ್ ಹೋಗಬೇಕಿದ್ದದ್ದು ಸಹಚಾಲಕನಾಗಿ. ರೇಸಿಗೆ ಸ್ವಲ್ಪ ಮೊದಲು ಓಡಿಸಬೇಕಿದ್ದವನು ಕಾಲು ಮುರಿದುಕೊಂಡ. ಸ್ಟೀವರ್ಟ್ ಒಬ್ಬನೇ ಹತ್ತಿ ಹೋದ, ಗೆದ್ದೂ ಬಂದ. ಆಮೇಲೆ ಅದೇ ಅಭ್ಯಾಸವಾಯಿತು. ಬಾಹಾ 500 ಒಂದನ್ನೇ 17 ಸಲ ಗೆದ್ದಿದ್ದಾನೆ.

ನಮ್ಮ ಪಿಟ್ ಇದ್ದದ್ದು ವಾಯೆ ದೆ ತ್ರಿನಿದಾದ್ ಹತ್ತಿರ, ರೇಸು ಹೊರಟು ಮುಗಿಯುವ ಎನ್ಸೆನಾಡಾದಿಂದ ಸ್ಯಾನ್ ಫೆಲಿಪೆಗೆ ಹೋಗುವ ಹೆದ್ದಾರಿಯ ಪಕ್ಕ. ಪಿಟ್ ಅಂದರೆ ದೊಡ್ಡದೇನಲ್ಲ, ಒಂದು ಪಿಕಪ್, ಒಂದು ಟಾರ್ಪಾಲು, ಹತ್ತು ಕ್ಯಾನ್ ಪೆಟ್ರೋಲ್. ಜೊತೆಗೆ, ಎಪ್ಪತ್ತರ ದಶಕದಿಂದ ಇದೇ ಕೆಲಸ ಮಾಡುತ್ತಿದ್ದ ಒಬ್ಬ ಮುದುಕ ಮೆಕ್ಯಾನಿಕ್. ರೇಡಿಯೋದಲ್ಲಿ ಆಗಾಗ ಒಂದು ಶಾಂತ ಧ್ವನಿ ಬರುತ್ತಿತ್ತು, ಯಾವ ಗಾಡಿ ಎಲ್ಲಿ ನಿಂತಿದೆ, ಯಾರಿಗೆ ಸಹಾಯ ಬೇಕು ಅಂತ. ಅದು 'ವೆದರ್‌ಮ್ಯಾನ್', ಅಂದರೆ ಬಾಬ್ ಸ್ಟೈನ್‌ಬರ್ಗರ್. ಬೆಟ್ಟದ ತುದಿಯಲ್ಲಿ ಆಂಟೆನಾ ನೆಟ್ಟು ಕೂತು ಇಡೀ ರೇಸಿನ ಸುದ್ದಿಯನ್ನು ಅತ್ತಿಂದಿತ್ತ ದಾಟಿಸುತ್ತಿದ್ದವನು. ಸ್ಟೀರಿಂಗ್ ಮುಟ್ಟದೆಯೂ ದಂತಕಥೆಯಾದವರಲ್ಲಿ ಆತನನ್ನು ಸೇರಿಸುತ್ತೇನೆ.

ಮೊದಲು ಮೋಟಾರ್‌ಸೈಕಲ್‌ಗಳು ಬಂದವು. ಆಮೇಲೆ ಮರುಭೂಮಿ ಓಟಕ್ಕೆಂದೇ ಕಟ್ಟಿದ ಟ್ರೋಫಿ ಟ್ರಕ್‌ಗಳು. ಕಣ್ಣಿಗೆ ಬೀಳುವ ಮೊದಲೇ ಎದೆಗೂಡಿನಲ್ಲಿ ಕೇಳಿಸುತ್ತವೆ. ಉಬ್ಬುತಗ್ಗಿನ ದಾರಿಯಲ್ಲಿ ಚಕ್ರಗಳು ಹೊಲಿಗೆ ಯಂತ್ರದ ಸೂಜಿಯಂತೆ ಮೇಲೆ ಕೆಳಗೆ ಬಡಿದಾಡುತ್ತಿದ್ದರೆ ಮೇಲಿನ ಮೈ ನೀರಿನ ಮೇಲಿನ ದೋಣಿಯಂತೆ ತೇಲುತ್ತದೆ. ಆ ಸಸ್ಪೆನ್ಷನ್ ಎರಡಡಿಗಿಂತ ಹೆಚ್ಚು ಆಡುತ್ತದೆ. ನಮ್ಮೆದುರು ಒಂದು ದಿಬ್ಬ ಇತ್ತು. ಜನರೇ ಗುದ್ದಲಿ ಹಿಡಿದು ಅದನ್ನು ಇನ್ನಷ್ಟು ಕಡಿದಾಗಿ ಮಾಡಿದ್ದರು, ಗಾಡಿ ಹಾರುವುದನ್ನು ನೋಡಲಿಕ್ಕೆ. (ಬಾಹಾದಲ್ಲಿ ಇದು ಹಳೇ ಪಿಡುಗು. ದಾರಿಯಲ್ಲಿ ಎಲ್ಲಿ ಜನ ಗುಂಪುಗೂಡಿದ್ದಾರೋ ಅಲ್ಲಿ ಗುಂಡಿ ಇದೆ ಅಂತಲೇ ಲೆಕ್ಕ.) ಮುದುಕ ಹೇಳಿದ: ನೋಡ್ತಾ ಇರು, ಎತ್ತರಕ್ಕೆ ಹಾರುವವರೆಲ್ಲ ಹಿಂದಿನವರು, ಮುಂದಿನವರು ಹಾರುವುದಿಲ್ಲ. ನಿಜ. ಮುಂಚೂಣಿಯಲ್ಲಿದ್ದವರು ದಿಬ್ಬಕ್ಕೆ ಮೊದಲು ಒಂದು ಗಳಿಗೆ ಆಕ್ಸಿಲರೇಟರ್ ಬಿಟ್ಟು, ನೆಲ ಬಿಡದೆ ಜಾರಿಹೋದರು. ಜನಕ್ಕೆ ನಿರಾಸೆ. ಸ್ಟೀವರ್ಟ್‌ನ ಟೊಯೋಟಾ ನನಗೆ ಕಂಡದ್ದು ಎರಡು ಸೆಕೆಂಡು, ಉಳಿದದ್ದೆಲ್ಲ ಧೂಳು.

ನಮ್ಮ ಬೀಟಲ್ ಬರಲು ಇನ್ನೂ ಗಂಟೆಗಟ್ಟಲೆ ಇತ್ತು. ನಾನು ಕಲಿತದ್ದೆಲ್ಲ ಆ ಕಾಯುವ ಹೊತ್ತಿನಲ್ಲಿ.

ಈ ಹುಚ್ಚು ಶುರುವಾದದ್ದು ಪ್ರಚಾರಕ್ಕೆ. 1962ರಲ್ಲಿ ಹೋಂಡಾ ಕಂಪನಿಯ ಬೈಕುಗಳಲ್ಲಿ ಡೇವ್ ಎಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಜೂನಿಯರ್ ಅಮೆರಿಕದ ಗಡಿಯ ತಿಹುವಾನಾದಿಂದ ಬಾಹಾದ ದಕ್ಷಿಣದ ಲಾ ಪಾಸ್‌ವರೆಗೆ ಹೋದರು. ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ಸಾಕ್ಷಿ ಬೇಕಲ್ಲ, ಎರಡೂ ಊರುಗಳಿಂದ ಟೆಲಿಗ್ರಾಂ ಕಳಿಸಿದರು. ಎಕಿನ್ಸ್‌ಗೆ ಹಿಡಿದದ್ದು 40 ಗಂಟೆಗಿಂತ ತುಸು ಕಡಿಮೆ. ಆಮೇಲೆ ಆ ಹೊತ್ತನ್ನು ಮುರಿಯುವುದೇ ಎಲ್ಲರಿಗೂ ಗೀಳಾಯಿತು. 1967ರಲ್ಲಿ ಎಡ್ ಪರ್ಲ್‌ಮನ್ ನೋರಾ ಸಂಸ್ಥೆಯ ಹೆಸರಿನಲ್ಲಿ ಇದೇ ದಾರಿಯಲ್ಲಿ ಮೊದಲ ರೇಸ್ ನಡೆಸಿದ, ಮುಂದೆ ಬಾಹಾ 1000 ಅಂತ ಹೆಸರಾದದ್ದು ಅದೇ. ವಿಕ್ ವಿಲ್ಸನ್, ಟೆಡ್ ಮ್ಯಾಂಗಲ್ಸ್ ಜೋಡಿ 27 ಗಂಟೆ 38 ನಿಮಿಷದಲ್ಲಿ ಗೆದ್ದಿತು. ಅವರು ಓಡಿಸಿದ್ದು ಮೇಯರ್ಸ್ ಮ್ಯಾಂಕ್ಸ್, ಬೀಟಲ್‌ನ ಅಡಿಪಾಯದ ಮೇಲೆ ಫೈಬರ್ ಗ್ಲಾಸ್ ತೊಟ್ಟಿ ಕೂರಿಸಿದ ಗಾಡಿ. ಬೀಟಲ್ ಯಾಕೆ ಅಂತ ನಾನೂ ಕೇಳಿದ್ದೆ. ಎಂಜಿನ್ ಹಿಂದೆ, ಓಡಿಸುವ ಚಕ್ರಗಳ ಮೇಲೆಯೇ ಕೂತಿದೆ, ಹಾಗಾಗಿ ಮರಳಲ್ಲಿ ಹಿಡಿತ ಸಿಗುತ್ತದೆ. ಗಾಳಿಯಿಂದಲೇ ತಣಿಯುವುದರಿಂದ ಒಡೆಯಲು ರೇಡಿಯೇಟರೂ ಇಲ್ಲ. ಇಷ್ಟೇ ಗುಟ್ಟು.

ಮುದುಕನ ದೇವರು ಪಾರ್ನೆಲಿ ಜೋನ್ಸ್. 1963ರ ಇಂಡಿಯಾನಾಪೊಲಿಸ್ 500 ಗೆದ್ದವನು, ಹೊರಳಿ ಮರುಭೂಮಿಗೆ ಬಂದ. ಬಂದವನಿಗೆ ನಿಧಾನ ಅನ್ನುವ ಪದವೇ ಗೊತ್ತಿರಲಿಲ್ಲ. ಎಲ್ಲರಿಗಿಂತ ಮುಂದೆ ನುಗ್ಗುವುದು, ಗಾಡಿ ಮುರಿದುಕೊಂಡು ಕೂರುವುದು, ಮೊದಮೊದಲು ಇದೇ ಆಯಿತು. ಆತನ ಗಾಡಿ ಕಟ್ಟುತ್ತಿದ್ದ ಬಿಲ್ ಸ್ಟ್ರಾಪ್‌ಗೆ ತಲೆ ಚಿಟ್ಟು ಹಿಡಿದಿರಬೇಕು. ಕೊನೆಗೆ ಪಾರ್ನೆಲಿ ತನ್ನನ್ನು ತಿದ್ದಿಕೊಳ್ಳಲಿಲ್ಲ, ಗಾಡಿಯನ್ನೇ ತಿದ್ದಿಸಿದ. ಅದೇ 'ಬಿಗ್ ಓಲಿ'. ನೋಡಲು ಜೀಪಿನಂಥ ಫೋರ್ಡ್ ಬ್ರಾಂಕೋ, ಒಳಗೆಲ್ಲ ಕೊಳವೆಗಳ ಚೌಕಟ್ಟು, ನೆತ್ತಿಯ ಮೇಲೆ ವಿಮಾನದ ರೆಕ್ಕೆಯಂಥ ದೊಡ್ಡ ಹಲಗೆ. 1971ರಲ್ಲಿ ಅದರಲ್ಲಿ 14 ಗಂಟೆ 59 ನಿಮಿಷಕ್ಕೆ ಲಾ ಪಾಸ್ ಮುಟ್ಟಿದ. ಆ ಹೊತ್ತಿಗೆ ರೇಸು ಎನ್ಸೆನಾಡಾದಿಂದ ಹೊರಡುತ್ತಿತ್ತು, ದಾರಿ ಸ್ವಲ್ಪ ಕಡಿಮೆ, ಒಪ್ಪುತ್ತೇನೆ. ಆದರೂ ನಾಲ್ಕೇ ವರ್ಷದಲ್ಲಿ ಸಮಯ ಅರ್ಧದ ಹತ್ತಿರಕ್ಕೆ ಇಳಿದಿತ್ತು. 1972ರಲ್ಲೂ ಆತನೇ ಗೆದ್ದ. 2021ರಲ್ಲಿ ಆ ಗಾಡಿ ಹರಾಜಿನಲ್ಲಿ 18.7 ಲಕ್ಷ ಡಾಲರಿಗೆ ಹೋಯಿತು. ಪಾರ್ನೆಲಿ 2024ರ ಜೂನ್‌ನಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡ.

ನನ್ನ ಮತ ಮಾತ್ರ ಅಂದಿಗೂ ಇಂದಿಗೂ ರಾಡ್ ಹಾಲ್‌ಗೆ. 1969ರಲ್ಲಿ ಲ್ಯಾರಿ ಮೈನರ್ ಜೊತೆ ಬ್ರಾಂಕೋದಲ್ಲಿ ಗೆದ್ದ. ಕಾರ್ಖಾನೆಯಿಂದ ಬಂದ ಫೋರ್ ವ್ಹೀಲ್ ಡ್ರೈವ್ ಗಾಡಿ ಎಲ್ಲರನ್ನೂ ಹಿಂದಿಕ್ಕಿದ್ದು ಆ ಒಂದೇ ಸಲ. ಆದರೆ ಆತನ ಹೆಚ್ಚುಗಾರಿಕೆ ಅದಲ್ಲ. 1967ರ ಮೊದಲ ಓಟದಿಂದ 2017ರ ಐವತ್ತನೇ ಓಟದವರೆಗೆ ಒಂದನ್ನೂ ತಪ್ಪಿಸಲಿಲ್ಲ. ಎಂಬತ್ತರ ಹೊಸ್ತಿಲಲ್ಲಿ ನಿಂತೂ ಸ್ಟೀರಿಂಗ್ ಹಿಡಿದ. ಬಾಹಾ 1000ದಲ್ಲಿ ತನ್ನ ವರ್ಗದ ಗೆಲುವುಗಳೇ ಇಪ್ಪತ್ತರ ಮೇಲೆ. ಗಾಡಿಯ ನರಳಾಟ ಕೇಳಿಸಿಕೊಂಡು ಓಡಿಸುವವನು, ಕಲ್ಲಿಗೆ ಟೈರ್ ಕೊಟ್ಟವನಲ್ಲ. ಪಾರ್ನೆಲಿಯಂಥವರು ಹುಟ್ಟಿಬರಬೇಕು, ಹಾಲ್‌ನಂತೆ ಓಡಿಸುವುದನ್ನು ನಾವು ನೀವೂ ಕಲಿಯಬಹುದು ಅಂತ ಹೇಳಿದ್ದಕ್ಕೆ ಮುದುಕ ನಕ್ಕು, "ಮೊದಲು ಪೆಟ್ರೋಲ್ ಚೆಲ್ಲದೆ ಹುಯ್ಯೋದು ಕಲಿ" ಅಂದ.

ಇನ್ನಿಬ್ಬರನ್ನು ಬಿಡುವಂತಿಲ್ಲ. ಮೇರಿ ಮೆಗೀ 1975ರಲ್ಲಿ ಬಾಹಾ 500 ಅನ್ನು ಬೈಕಿನಲ್ಲಿ ಒಬ್ಬಳೇ ಮುಗಿಸಿದವಳು. ಗಂಡಸರೂ ಅದುವರೆಗೆ ಹಾಗೆ ಮುಗಿಸಿರಲಿಲ್ಲ. ಉಳಿದವರು ಇಬ್ಬಿಬ್ಬರ ತಂಡ ಕಟ್ಟಿ ಸರದಿಯಲ್ಲಿ ಓಡಿಸುತ್ತಿದ್ದರು. ಮ್ಯಾಲ್ಕಮ್ ಸ್ಮಿತ್ 1967ರ ಮೊದಲ ರೇಸಿನಲ್ಲೇ ಜೆ. ಎನ್. ರಾಬರ್ಟ್ಸ್ ಜೊತೆ ಹಸ್ಕ್‌ವಾರ್ನಾ ಬೈಕಿನಲ್ಲಿ ಬೈಕುಗಳ ಪೈಕಿ ಮೊದಲು ಬಂದವನು, ಮುಂದೆ ನಾಲ್ಕು ಚಕ್ರದ ಗಾಡಿಯಲ್ಲೂ ಗೆದ್ದ. ಇಬ್ಬರೂ ತೀರಿಕೊಂಡದ್ದು ಒಂದೇ ದಿನ, 2024ರ ನವೆಂಬರ್ 27. ಆ ಸುದ್ದಿ ಓದಿದ ದಿನ ಮೈ ಜುಮ್ಮೆಂದಿತ್ತು.

ಮಿಕಿ ಥಾಂಪ್ಸನ್ ಕಥೆ ಹೇಳಲು ಮನಸ್ಸಾಗುವುದಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಎಪ್ಪತ್ತರ ದಶಕದಲ್ಲಿ ಸ್ಕೋರ್ ಸಂಸ್ಥೆ ಕಟ್ಟಿ ಈ ರೇಸಿಗೆ ಈಗಿನ ರೂಪ ಕೊಟ್ಟವನು. 1988ರಲ್ಲಿ ಆತನನ್ನೂ ಹೆಂಡತಿಯನ್ನೂ ಅವರ ಮನೆಯೆದುರೇ ಗುಂಡಿಟ್ಟು ಕೊಂದರು. ಅಪರಾಧಿಗೆ ಶಿಕ್ಷೆ ಆಗುವಷ್ಟರಲ್ಲಿ 2007 ಬಂದಿತ್ತು.

ನಮ್ಮ ಬೀಟಲ್ ಬಂದದ್ದು ರಾತ್ರಿ ಹನ್ನೊಂದರ ಮೇಲೆ, ಒಂದೇ ಕಣ್ಣಿನ ದೀಪದಲ್ಲಿ. ಅಲ್ಲಿ ಸಿಲ್ಟ್ ಅನ್ನುತ್ತಾರಲ್ಲ, ಗೋಧಿ ಹಿಟ್ಟಿಗಿಂತ ನುಣುಪಾದ ಧೂಳು, ಮೊಣಕಾಲಾಳ ಇರುತ್ತದೆ, ಮೇಲಿಂದ ನೋಡಿದರೆ ಗಟ್ಟಿ ನೆಲ. ನಿಂತಿರೋ, ಹೂತಿರಿ. ನಮ್ಮವರು ಅದರಲ್ಲಿ ಎರಡು ಗಂಟೆ ಹೂತಿದ್ದರಂತೆ. ಇಬ್ಬರ ಮುಖದಲ್ಲೂ ಕಣ್ಣು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಪೆಟ್ರೋಲ್ ಹುಯ್ದೆ, ಚೆಲ್ಲಿದೆ, ಬೈಸಿಕೊಂಡೆ. ಹೊರಟರು. ಎನ್ಸೆನಾಡಾ ಮುಟ್ಟುವ ಮೊದಲೇ ಗೇರ್‌ಬಾಕ್ಸ್ ಹೋಯಿತು.

ಬೆಳಗಿನ ಜಾವ ಹಗ್ಗ ಕಟ್ಟಿ ಎಳೆದುಕೊಂಡು ಬರುವಾಗ ಓಹೋಸ್ ನೆಗ್ರೋಸ್ ಹತ್ತಿರ ನಿಂತೆವು. ಏಳೆಂಟು ವರ್ಷದ ಹುಡುಗನೊಬ್ಬ ಸೈಕಲ್ ತಳ್ಳಿಕೊಂಡು ಓಡಿಬಂದು "ಸ್ಟಿಕರ್, ಸ್ಟಿಕರ್" ಅಂತ ಕೈ ಚಾಚಿದ. ಬಾಹಾದ ಮಕ್ಕಳೆಲ್ಲ ಕೇಳುವುದು ಅದನ್ನೇ. ನಾವು ಹಗ್ಗದ ತುದಿಯಲ್ಲಿದ್ದೇವೆ ಅನ್ನುವುದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ನಮ್ಮ ತಂಡದ ಸ್ಟಿಕರ್ ಒಂದೇ ಉಳಿದಿತ್ತು, ಕೊಟ್ಟೆವು. ಅವನು ಸೈಕಲ್ಲಿನ ಕಂಬಿಯ ಮೇಲೆ ಆಗಲೇ ಇದ್ದ ದೊಡ್ಡ ದೊಡ್ಡ ಟ್ರಕ್ ತಂಡಗಳ ಸ್ಟಿಕರ್‌ಗಳನ್ನು ಸ್ವಲ್ಪ ಹೊತ್ತು ನೋಡಿದ, ಆಮೇಲೆ ಅವುಗಳ ನಡುವೆಯೇ ನಮ್ಮದನ್ನೂ ಅಂಟಿಸಿ ಉಗುರಿನಿಂದ ಮೂಲೆಗಳನ್ನು ಉಜ್ಜಿದ.